ಒಂದು ಗೆರೆ ಕಮ್ಮಿ ಶಾಂತಿ

ಆ ಸಾಮ್ರಾಜ್ಯದಲ್ಲಿ ಲಿಪಿಕಾರ ಪಾಂಗ್ ಶೌಜೆನ್‌ಗಿಂತ ದಣಿದ ಮನುಷ್ಯ ಇನ್ನೊಬ್ಬನಿರಲಿಲ್ಲ. ದಣಿವಿನಲ್ಲೂ ದರ್ಜೆಗಳುಂಟು. ಗಾಡಿ ಎಳೆಯುವ ಹೇಸರಗತ್ತೆಯದು ಒಂದು ದಣಿವು, ಹತ್ತು ಹೆತ್ತವಳದು ಇನ್ನೊಂದು, ಸೋತು ಮನೆಗೆ ನಡೆಯುವ ಸೈನ್ಯದ್ದು ಮತ್ತೊಂದು. ಇವನ್ನೆಲ್ಲ ಒಂದೇ ಕೊಪ್ಪರಿಗೆಗೆ ಹಾಕಿ ಮೂರು ದಿನ ಕುದಿಸಿ ಇಳಿಸಿದರೆ ತಳದಲ್ಲಿ ಕರಕಲಾಗಿ ಉಳಿಯುತ್ತದಲ್ಲ, ಅದು ಪಾಂಗನ ದಣಿವು. ಅವನು ಆಕಳಿಸಿದರೆ ಪಕ್ಕದ ಹೇಸರಗತ್ತೆ ಆಕಳಿಸುತ್ತಿತ್ತು, ಅದನ್ನು ನೋಡಿ ಮುಂದಿನ ಗಾಡಿಯದು, ಅದನ್ನು ನೋಡಿ ಅದರಾಚೆಯದು. ಹೀಗೆ ಒಂದು ಆಕಳಿಕೆ ಸಾಲಿನ ತುದಿ ಮುಟ್ಟಿ ತಿರುಗಿ ಬರುವಷ್ಟರಲ್ಲಿ ಗಾಡಿಯವರು ಅಕ್ಕಿ ತೊಳೆದು ಗಂಜಿ ಕಾಯಿಸಿ ಕುಡಿದು ಬಟ್ಟಲು ಒರೆಸಿ ಇಟ್ಟಿರುತ್ತಿದ್ದರು.

ಸಾಲೆಂದರೆ ಅಂತಿಂಥ ಸಾಲಲ್ಲ. ತಲೆ ಗಡಿನದಿಯ ಗಾಳಿಗೆ ಸೀನುತ್ತಿದ್ದಾಗ ಬಾಲ ಇನ್ನೂ ರಾಜಧಾನಿಯ ಹೆಬ್ಬಾಗಿಲಲ್ಲಿ ಕಾವಲಿನವರ ಜೊತೆ ಜಗಳವಾಡುತ್ತಿತ್ತು. ಗಾಡಿ ತುಂಬ ರೇಷ್ಮೆ. ಪ್ರತಿವರ್ಷ ಉತ್ತರದ ಕುದುರೆ ಸಾಮ್ರಾಟನಿಗೆ ಹೋಗುವ ರೇಷ್ಮೆ. ಅದನ್ನು ದಕ್ಷಿಣದವರು ‘ಉಡುಗೊರೆ’ ಅನ್ನುತ್ತಿದ್ದರು, ಉತ್ತರದವರು ‘ಕಪ್ಪ’ ಅನ್ನುತ್ತಿದ್ದರು. ಗಾಡಿ ಹೊಡೆಯುವವರು ‘ಹಾಳಾದ್ದು’ ಅನ್ನುತ್ತಿದ್ದರು. ಮೂವತ್ತೊಂಬತ್ತು ವರ್ಷದ ಹಿಂದೆ ಒಂದು ಯುದ್ಧ ನಡೆದಿತ್ತು. ಗೆದ್ದವರು ಯಾರೆಂದು ರಾಜಧಾನಿಯಲ್ಲಿ ಕೇಳಿದರೆ ‘ನಾವು’ ಅನ್ನುತ್ತಿದ್ದರು, ನದಿಯಾಚೆ ಕೇಳಿದರೆ ‘ನಾವು’ ಅನ್ನುತ್ತಿದ್ದರು. ರೇಷ್ಮೆ ಮಾತ್ರ ಅಂದಿನಿಂದ ಒಂದೇ ದಿಕ್ಕಿಗೆ ಹೋಗುತ್ತಿತ್ತು.

ಯುದ್ಧ ನಿಂತಾಗ ಎರಡು ಕಡೆಯವರೂ ಕುದುರೆಯ ರಕ್ತ ತುಟಿಗೆ ಸವರಿಕೊಂಡು ಆಣೆಯಿಟ್ಟು, ಆ ಆಣೆಯನ್ನು ನದಿಯ ಉತ್ತರ ದಡದ ಕಲ್ಲಿನ ಮೇಲೆ ಕೊರೆಸಿದ್ದರು. ವರ್ಷದ ಅತಿ ಗಿಡ್ಡ ಹಗಲಿನ ದಿನ, ನಡುಮಧ್ಯಾಹ್ನದ ಒಳಗೆ, ರೇಷ್ಮೆಯ ಜೊತೆ ಅದೇ ಆಣೆಯನ್ನು ಕಾಗದದಲ್ಲಿ ಬರೆದು ಒಪ್ಪಿಸಬೇಕು. ಕಲ್ಲಿನಲ್ಲಿದ್ದ ಹಾಗೆಯೇ, ಅಕ್ಷರಕ್ಕೆ ಅಕ್ಷರ. ತಪ್ಪಿದರೆ ಆಣೆ ಮುರಿದ ಹಾಗೆ. ಆಮೇಲೆ ಬರುವುದು ಕಾಗದವಲ್ಲ, ಕುದುರೆ. ಆ ಕಾಗದ ಬರೆಯುವುದು ಪಾಂಗನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೊಂದೇ ವಾಕ್ಯವನ್ನು ಬರೆದು ಬರೆದು ಅವನ ಬೆರಳಿಗೆ ಅದು ಎಷ್ಟು ಬಾಯಿಪಾಠವಾಗಿತ್ತೆಂದರೆ, ನಿದ್ದೆಯಲ್ಲಿ ತುರಿಸಿಕೊಂಡರೂ ಬೆನ್ನ ಮೇಲೆ ‘ಉತ್ತರ ಅಣ್ಣ, ದಕ್ಷಿಣ ತಮ್ಮ, ನದಿಯ ಎರಡು ದಡದಲ್ಲೂ ಶಾಂತಿ’ ಎಂದು ಬರೆ ಏಳುತ್ತಿತ್ತು.

ಈ ವರ್ಷ ಆ ವಾಕ್ಯದ ಮೇಲೆ ಅವನಿಗೆ ಸ್ವಂತದ ಗರಜೂ ಇತ್ತು. ನದಿಯ ಈಚೆ ದಡದ ಮೊದಲ ಊರು ಆನ್‌ಹೊ. ಕುದುರೆಗಳು ಬಂದರೆ ಮೊದಲು ಬರುವುದು ಅಲ್ಲಿಗೆ. ಆ ಊರಿನಲ್ಲಿ ಪಾಂಗನ ಒಬ್ಬಳೇ ಮಗಳು ಸುಲಾನ್ ಒಂಬತ್ತು ತಿಂಗಳ ಬಸುರಿಯಾಗಿ ಕುಳಿತಿದ್ದಳು.

ರಾಜಧಾನಿ ಬಿಟ್ಟು ಹದಿನೆಂಟನೇ ದಿನ, ನದಿ ಇನ್ನು ನಾಲ್ಕು ದಿನದ ದಾರಿ ಇರುವಾಗ, ಹಿಂದಿನಿಂದ ಒಬ್ಬ ಅಂಚೆ ಸವಾರ ಬಂದ. ಅಡಿಯಿಂದ ಮುಡಿಯವರೆಗೆ ಬಿಳಿ. ಮಂಜು ಹತ್ತಿಕೊಂಡಿದೆಯೆಂದು ಮೊದಲು ಎಲ್ಲರೂ ತಿಳಿದರು. ಮಂಜಲ್ಲ, ಸೂತಕದ ಬಟ್ಟೆ.

“ಮಹಾರಾಜ್ರು ಹೋಗ್ಬಿಟ್ರು,” ಎಂದು ಸವಾರ ಕುದುರೆಯಿಂದ ಇಳಿದು ಅಳಲು ಶುರುಮಾಡಿದ. ನಿಯಮದ ಅಳು. ಹದಿನೈದು ಉಸಿರು ಅತ್ತು, ನಿಲ್ಲಿಸಿ, ಕಣ್ಣೊರೆಸಿಕೊಂಡು, “ತಿನ್ನೋಕೆ ಏನಾದ್ರೂ ಇದ್ಯಾ?” ಎಂದು ಕೇಳಿದ.

ಗಾಡಿಗಳ ಕೆಂಪು ಬಾವುಟಗಳನ್ನು ಇಳಿಸಿದರು. ಕಾವಲುಪಡೆಯ ದಳಪತಿ ಗೆಂಗ್ ದಾಹು, ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟಿದರೂ ಗೊತ್ತಾಗದಂಥ ಆಸಾಮಿ, ಸವಾರನಿಗೆ ರೊಟ್ಟಿ ಕೊಟ್ಟು ವಿಚಾರಿಸಿದ. “ಪಟ್ಟ ಯಾರಿಗಪ್ಪಾ? ದೊಡ್ಡೋರಿಗೋ?”

“ದೊಡ್ಡೋರು ತಂದೆಗಿಂತ ಮೂರು ದಿನ ಮುಂಚೆ ಹೋದ್ರು. ಹೊಟ್ಟೆನೋವಂತೆ.”

“ಓಹೋ. ಹಾಗಾದ್ರೆ ಎರಡನೇಯೋರು.”

“ಅವ್ರು ತಲೆ ಬೋಳಿಸ್ಕೊಂಡು ಬೆಟ್ಟದ ಮಠಕ್ಕೆ ಹೋದ್ರು. ಅವ್ರಿಗೂ ಹೊಟ್ಟೆನೋವು ಬರೋದ್ರಲ್ಲಿತ್ತು.”

“ಉಳಿದೋರು?”

“ಮೂರನೇಯೋರು. ಜೀರುಂಡೆ ಹಾಗೆ ಮೂಲೇಲಿ ಚಿರ್ ಅಂತಿದ್ರಲ್ಲ, ಅವ್ರೇ,” ಎಂದವನು ತಟ್ಟನೆ ನಾಲಗೆ ಕಚ್ಚಿಕೊಂಡು ದಕ್ಷಿಣಕ್ಕೆ ತಿರುಗಿ ಮೂರು ಸಲ ನೆಲಕ್ಕೆ ಹಣೆ ಹಚ್ಚಿದ.

ಪಾಂಗ್ ಅಷ್ಟುಹೊತ್ತೂ ಗಾಡಿಯ ಗಾಲಿಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದವನು, ಕಣ್ಣು ತೆರೆದ. “ಮೂರನೇಯವರ ಹೆಸರೇನು?”

ಯಾರೂ ಉತ್ತರ ಕೊಡಲಿಲ್ಲ. ಕೊಡುವ ಹಾಗಿರಲಿಲ್ಲ. ಪಟ್ಟಕ್ಕೆ ಬಂದವರ ಹೆಸರನ್ನು ಪ್ರಜೆಗಳು ಬಾಯಲ್ಲಿ ಆಡಬಾರದು, ಕೈಯಲ್ಲಿ ಬರೆಯಬಾರದು. ಬರೆದರೆ ಬರೆದವನ ತಲೆ ಹೋಗುತ್ತದೆ. ಅರಮನೆಯ ಮನಸ್ಸು ಕೆಟ್ಟಿದ್ದರೆ ಮೂರು ತಲೆಮಾರಿನದು ಹೋಗುತ್ತದೆ. ಅದಕ್ಕೇ ಪಟ್ಟಕ್ಕೆ ಬರುವ ಮಕ್ಕಳಿಗೆ ಯಾರೂ ಬಳಸದ, ಪಂಡಿತರೂ ಒಮ್ಮೆ ಕೆಮ್ಮಿ ಓದುವಂಥ ಹೆಸರಿಡುತ್ತಿದ್ದರು, ಜನಕ್ಕೆ ತೊಂದರೆಯಾಗದಿರಲೆಂದು. ಮೂರನೆಯವನು ಪಟ್ಟಕ್ಕೆ ಬರುತ್ತಾನೆಂದು ಅವನ ತಾಯಿಯೂ ಎಣಿಸಿರಲಿಲ್ಲ. ಬೀದಿಯಲ್ಲಿ ಸಿಗುವ ಹೆಸರನ್ನೇ ಇಟ್ಟಿದ್ದಳು.

ಸವಾರ ಒಂದು ಕಡ್ಡಿ ಎತ್ತಿಕೊಂಡು ಮಂಜಿನ ಮೇಲೆ ಮೊದಲು ಒಂದು ಮಾಡು, ಅಂದರೆ ಮನೆಯ ಸೂರು, ಬರೆದ. ಮಾಡಿನ ಕೆಳಗೆ ಒಬ್ಬ ಹೆಂಗಸನ್ನು ಬರೆಯತೊಡಗಿದ. ಕೊನೆಯ ಅಡ್ಡಗೆರೆ ಎಳೆಯದೆ ನಿಲ್ಲಿಸಿ, ಎಲ್ಲವನ್ನೂ ಕಾಲಲ್ಲಿ ಅಳಿಸಿಬಿಟ್ಟ.

ಮಾಡಿನ ಕೆಳಗೊಬ್ಬ ಹೆಂಗಸು. ಆ ಲಿಪಿಯಲ್ಲಿ ಅದು ‘ಆನ್’. ಎಂದರೆ ಶಾಂತಿ.

ಪಾಂಗನ ದಣಿವು ಅಂದು ಇಮ್ಮಡಿಯಾಯಿತು. ಆಣೆಪತ್ರದಲ್ಲಿ ಇದ್ದದ್ದೇ ಒಂದು ವಾಕ್ಯ, ಅದರ ಕೊನೆಯಲ್ಲಿ ಇದ್ದದ್ದೇ ಆ ಮಾತು. ಸವಾರ ಹೊಸ ಮುದ್ರೆ ಒತ್ತಿದ ಖಾಲಿ ಕಾಗದ ಒಂದನ್ನೇ ಒಂದು ತಂದಿದ್ದ. ಹಳೆಯ ಮಹಾರಾಜರ ಮುದ್ರೆಯಿದ್ದ ಹಳೆಯ ಪತ್ರವನ್ನು ಸುಟ್ಟು, ಹೊಸದರಲ್ಲಿ ಬರೆಯಬೇಕೆಂದು ಅಪ್ಪಣೆ. ಅದು ಒಪ್ಪಿಸುವವರೆಗೂ ಪಕ್ಕದಲ್ಲೇ ಇದ್ದು ನೋಡಿಕೊಂಡು ವರದಿ ಬರೆಯಬೇಕೆಂದು ಸವಾರನಿಗೂ ಅಪ್ಪಣೆ.

“ಬೇರೆ ಮಾತು ಹಾಕಿ ಪಾಂಗಜ್ಜಾ,” ಎಂದ ಗೆಂಗ್. “ನೆಮ್ಮದಿ ಅನ್ನಿ, ಸುಖ ಅನ್ನಿ. ಮಾತಿಗೇನು ಬರ?”

“ಕಲ್ಲಿನಲ್ಲಿ ಇದ್ದ ಹಾಗೇ ಇರಬೇಕು. ಬೇರೆ ಮಾತು ಬಂದ್ರೆ ಬೇರೆ ಆಣೆ.”

“ಹಾಗಾದ್ರೆ ಅದನ್ನೇ ಬರೀರಿ.”

“ಬರೆದ್ರೆ ನನ್ನ ತಲೆ ಹೋಗ್ತದೆ, ಹೋಗ್ಲಿ, ಹೇಗೂ ಭಾರವಾಗಿದೆ. ಸುಲಾನಳದ್ದೂ ಹೋಗ್ತದೆ. ಅವಳ ಹೊಟ್ಟೇಲಿರೋದು ಮೂರನೇ ತಲೆಮಾರು.”

ಗೆಂಗ್ ಗಡ್ಡ ತುರಿಸಿಕೊಂಡ. “ಈ ಓದು ಬರಹವೇ ಅನಿಷ್ಟ. ನೋಡಿ, ನಾನು ಕಲೀಲಿಲ್ಲ, ಎಷ್ಟು ಹಾಯಾಗಿದೀನಿ.”

ಇಂಥ ಹೊತ್ತಿಗೆಂದೇ ಲಿಪಿಕಾರರಲ್ಲಿ ಒಂದು ಹಳೆಯ ಉಪಾಯವಿತ್ತು. ಹೆಸರಿನ ಅಕ್ಷರವನ್ನು ಬರೆಯಲೇಬೇಕಾಗಿ ಬಂದರೆ ಕೊನೆಯ ಗೆರೆಯನ್ನು ಬಿಟ್ಟು ಬರೆಯುವುದು. ಓದುವವನಿಗೆ ತಿಳಿಯುತ್ತದೆ, ಹೆಸರನ್ನು ಪೂರ್ತಿ ಮುಟ್ಟಿದ ಹಾಗೂ ಆಗುವುದಿಲ್ಲ. ಪಾಂಗ್ ಮಸಿಕಡ್ಡಿ ತೇಯ್ದ. ಚಳಿ ಎಷ್ಟಿತ್ತೆಂದರೆ, ಆಡಿದ ಮಾತು ತುಟಿಯ ಹೊರಗೆ ಹೆಪ್ಪುಗಟ್ಟಿ ಠಣ್ ಎಂದು ನೆಲಕ್ಕೆ ಬೀಳುತ್ತಿತ್ತು. ಯಾರು ಏನು ಬೈದರೆಂದು ತಿಳಿಯಲು ಬೆಂಕಿಯ ಹತ್ತಿರ ಕಾಯಿಸಬೇಕಿತ್ತು. ಮಸಿಯನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು ಅವನು ವಾಕ್ಯ ಬರೆದ. ಕೊನೆಗೆ ಮಾಡು ಎಳೆದ, ಕೆಳಗೆ ಹೆಂಗಸನ್ನು ಕೂರಿಸಿದ. ಅವಳ ಎದೆಯ ಮೇಲೆ ಹಾಯುವ ಅಡ್ಡಗೆರೆಯನ್ನು ಬಿಟ್ಟ. ಆ ಗೆರೆಯಿಲ್ಲದೆ ಹೆಂಗಸು ಎರಡು ಮುರುಕು ಕಡ್ಡಿಗಳಾಗಿ ಮಾಡಿನಡಿ ಬಿದ್ದುಕೊಂಡಳು. ಪಾಂಗ್ ಅದನ್ನು ಬಹಳ ಹೊತ್ತು ನೋಡಿದ.

ಆಣೆ ಒಪ್ಪಿಸುವ ಮುನ್ನಾದಿನ ಸಾಲು ಆನ್‌ಹೊ ಊರಿಗೆ ಬಂತು. ಸುಲಾನ್ ಬಾಗಿಲಲ್ಲೇ ನಿಂತಿದ್ದಳು. ಹೊಟ್ಟೆ ಅವಳಿಗಿಂತ ಮೊದಲೇ ಹೊಸ್ತಿಲು ದಾಟಿ ಅಪ್ಪನನ್ನು ಎದುರುಗೊಂಡಿತು.

“ಇದೇನಪ್ಪಾ, ಹೋದ ವರ್ಷಕ್ಕಿಂತ ಸೊರಗಿದೀಯ. ಗಾಡಿ ಎಳೆಯೋಕೆ ನಿನ್ನನ್ನೇ ಕಟ್ಟಿದ್ರಾ?”

“ನಿನ್ನ ಗಂಡ ಎಲ್ಲಿ?”

“ಬಟಾಣಿ ಹಿಟ್ಟು ತರ್ತೀನಿ ಅಂತ ಹೋದೋನು. ಬರ್ತಾನೆ, ಹಿಟ್ಟು ಮರೆತು.”

ಪಾಂಗ್ ದನಿ ತಗ್ಗಿಸಿದ. “ಸುಲಾನ್, ಗಾಡಿ ಕೊಡ್ತೀನಿ. ಈಗಲೇ ದಕ್ಷಿಣಕ್ಕೆ ಹೊರಡು. ನಾಲ್ಕು ದಿನ ಅತ್ತ ಇದ್ದು ಬಾ.”

ಅವಳು ಅವನ ಮುಖ ನೋಡಿದಳು. ಗಡಿಯ ಹೆಣ್ಣು, ಬಿಡಿಸಿ ಹೇಳಬೇಕಾಗಿರಲಿಲ್ಲ. “ಕಾಗದದಲ್ಲಿ ಏನೋ ಎಡವಟ್ಟಾಗಿದೆ.”

“ಒಂದು ಗೆರೆ.”

“ಸೂಲಗಿತ್ತಿ ನಿನ್ನೆ ಬಂದು ನೋಡಿದ್ಲು. ಬಾವಿಕಟ್ಟೆವರೆಗೂ ನಡೀಬೇಡ ಅಂದಿದಾಳೆ. ನಿನ್ನ ಗಾಡಿ ಹತ್ತಿದ್ರೆ ಮೊದಲ ಗುಂಡೀಲೇ ಹೆರಿಗೆ. ಮಂಜಲ್ಲಿ ಹೆತ್ರೆ ಮಗು ಉಳೀತದಾ?” ಎಂದು ಹೊಟ್ಟೆಯ ಮೇಲೆ ಕೈಯಿಟ್ಟು, “ನಾನೆಲ್ಲೂ ಹೋಗಲ್ಲಪ್ಪ. ನಾಳೆ ಗಿಡ್ಡ ಹಗಲಿನ ಹಬ್ಬ, ಕುರಿಮಾಂಸದ ಕಡುಬು ಮಾಡ್ತೀನಿ. ನೀನು ಹೋಗಿ ಆ ಗೆರೆ ಸರಿಮಾಡ್ಕೊಂಡು ಊಟಕ್ಕೆ ಬಾ. ಆರಿದ ಕಡುಬು ಚೆನ್ನಾಗಿರಲ್ಲ,” ಎಂದಳು.

ಮರುದಿನ ನದಿ ಕಲ್ಲಾಗಿತ್ತು. ಗಾಡಿಗಳು ಮಂಜುಗಡ್ಡೆಯ ಮೇಲೆ ಕಿರುಗುಟ್ಟುತ್ತ ಆಚೆ ದಡ ಸೇರಿದಾಗ ಅಲ್ಲಿ ತುಪ್ಪಳದ ಒಂದು ಡೇರೆ, ಡೇರೆಯ ಮುಂದೆ ನೆರಳು ಅಳೆಯಲು ನೆಟ್ಟ ಒಂದು ಕೋಲು, ನಡುಮಧ್ಯಾಹ್ನದ ನೆರಳಿನ ಗುರುತಿಗೆ ಒಂದು ಗೂಟ, ಅದರ ಹಿಂದೆ ಜೀನು ಹಾಕಿ ನಿಂತ ಕುದುರೆಗಳು. ಎಷ್ಟೆಂದರೆ, ಅವು ಒಟ್ಟಿಗೆ ಉಸಿರು ಬಿಟ್ಟಾಗ ಆಕಾಶದಲ್ಲಿ ಮೋಡ ಕಟ್ಟಿ ಈಚೆ ದಡದಲ್ಲಿ ತುಂತುರು ಬೀಳುತ್ತಿತ್ತು.

ಡೇರೆಯೊಳಗೆ ಉತ್ತರದ ಅಧಿಕಾರಿ ಹೂಲುಗು ಕಾಲು ಚಾಚಿ ಕುಳಿತಿದ್ದ. ಹದಿನೇಳು ವರ್ಷದಿಂದ ರೇಷ್ಮೆ ತೆಗೆದುಕೊಳ್ಳುವವನು ಅವನೇ. ಎಡಮಂಡಿ ಊದಿಕೊಂಡು ಕುಂಬಳಕಾಯಿಯಾಗಿತ್ತು.

“ಬಂದೆಯಾ ಮಾರಾಯಾ,” ಎಂದ. “ನಿನ್ನ ಬೆನ್ನು ಹೇಗಿದೆ?”

“ಇದೆ. ನಿಮ್ಮ ಮಂಡಿ?”

“ಇದೂ ಇದೆ. ಬೇಡ ಅಂದ್ರೂ ಇದೆ. ಎಲ್ಲಿ, ಕಾಗದ ಕೊಡು. ಬೇಗ ಮುಗಿಸೋಣ.”

ಹೂಲುಗು ದಕ್ಷಿಣದ ಲಿಪಿಯನ್ನು ಗಡ್ಡ ಬಂದಮೇಲೆ ಕಲಿತವನು. ಹಾಗೆ ಕಲಿತವರಿಗೆ ಅಕ್ಷರದ ಮೇಲೆ ಬಲು ಭಕ್ತಿ. ಕಲ್ಲಿನ ಅಚ್ಚು ತೆಗೆದ ಕಾಗದವನ್ನು ಪಕ್ಕದಲ್ಲಿ ಹರವಿ, ಬೆರಳಿಟ್ಟು ಒಂದೊಂದೇ ಅಕ್ಷರ ತಾಳೆ ನೋಡುತ್ತ ಬಂದ. ಕೊನೆಯದಕ್ಕೆ ಬಂದು ಬೆರಳು ನಿಂತಿತು.

“ಇದೇನು?”

“ಅದೇ ಅಕ್ಷರ.”

“ಅಲ್ಲ. ಕಲ್ಲಿನಲ್ಲಿ ಆರು ಗೆರೆ, ಇಲ್ಲಿ ಐದು. ಪಾಂಗ್, ಹದಿನೇಳು ವರ್ಷದಲ್ಲಿ ನೀವು ರೇಷ್ಮೆ ಸವೆದದ್ದು ಕೊಟ್ಟಿದೀರಿ, ಹುಳ ತಿಂದದ್ದು ಕೊಟ್ಟಿದೀರಿ, ನಾನು ಮಾತಾಡಿಲ್ಲ. ಈ ಸಲ ಶಾಂತೀನೇ ಕಮ್ಮಿ ತಂದಿದೀಯಲ್ಲೋ!”

“ನಮ್ಮ ಹೊಸ ಮಹಾರಾಜರ ಹೆಸರು ಅದು. ಪೂರ್ತಿ ಬರೆಯೋ ಹಾಗಿಲ್ಲ.”

“ಅದು ನಿಮ್ಮ ಮನೆ ಕಷ್ಟ. ಹೊರಗಿರೋರಿಗೆ ನಾನೇನು ಹೇಳ್ಲಿ? ಆ ಹುಡುಗ್ರು ಹುಟ್ಟಿದ ಮೇಲೆ ಒಂದು ಯುದ್ಧ ನೋಡಿಲ್ಲ. ನೆಪ ಬೇಕು ಅವ್ರಿಗೆ. ಒಂದು ಗೆರೆ ಸಾಕು,” ಎಂದು ಹೂಲುಗು ಹೊರಗೆ ಕಣ್ಣು ಹಾಯಿಸಿದ. ಅವನ ಸ್ವಂತ ಮಗನೂ ಆ ಜೀನುಗಳಲ್ಲೊಂದರ ಮೇಲೆ ಕುಳಿತಿದ್ದ. “ನೆರಳು ಗೂಟಕ್ಕೆ ಬರೋದಕ್ಕೆ ಇನ್ನು ನಾಲ್ಕು ಬೆರಳಿದೆ. ಗೆರೆ ಹಾಕು.”

ಗೆಂಗ್ ಎದೆಯುಬ್ಬಿಸಿ ಮುಂದೆ ಬಂದ. “ಬರ್ಲಿ ಬಿಡಿ ಪಾಂಗಜ್ಜಾ! ಹಿಂದಿನ ಯುದ್ಧದಲ್ಲಿ ನಾನೊಬ್ಬನೇ ಮುನ್ನೂರು ಜನರನ್ನ...”

“ಹೋದ ವರ್ಷ ನೂರಿತ್ತು,” ಎಂದ ಹೂಲುಗು. “ನೀನು ಆಗ ಅಡುಗೆ ಡೇರೆಯಲ್ಲಿ ಈರುಳ್ಳಿ ಸುಲೀತಿದ್ದೆ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕೂತ್ಕೋ.”

ಗೆಂಗ್ ಕುಳಿತ. ಕುಳಿತು, ಪಾಂಗನ ಕಿವಿಯಲ್ಲಿ, “ಹಾಕ್ಬಿಡಿ. ನಾನು ಆ ಕಡೆ ತಿರುಗ್ತೀನಿ,” ಎಂದ. ಆದರೆ ಬಿಳಿ ಬಟ್ಟೆಯ ಸವಾರ ಈ ಕಡೆಯೇ ನೋಡುತ್ತಿದ್ದ. ಅವನಿಗೆ ರೆಪ್ಪೆಗಳೇ ಇರಲಿಲ್ಲವೇನೋ.

ಪಾಂಗ್ ಕುಂಚ ಹಿಡಿದ. ಒಂದು ಅಡ್ಡಗೆರೆ. ಎಡದಿಂದ ಬಲಕ್ಕೆ, ಒಂದು ಉಸಿರಿನ ಕೆಲಸ. ಹಾಕಿದರೆ ಸುಲಾನ್ ರಾಜಧಾನಿಯಲ್ಲಿ ತಲೆ ಕಡಿಯುವ ಕಟ್ಟೆಯ ಮೇಲೆ ಸಾಯುತ್ತಾಳೆ. ಹಾಕದಿದ್ದರೆ ಕಡುಬಿನ ಒಲೆಯ ಮುಂದೆ ಸಾಯುತ್ತಾಳೆ. ನೆರಳು ಎರಡು ಬೆರಳಿಗೆ ಬಂತು. ಅವನಿಗೆ ಭಯವಾಗಲಿಲ್ಲ. ಭಯಪಡುವುದಕ್ಕೂ ಮೈಯಲ್ಲಿ ಕಸುವು ಬೇಕು. ಒಂದು ದೊಡ್ಡ ಆಕಳಿಕೆ ಬಂತು, ಅಷ್ಟೆ. ಎದುರಿಗಿದ್ದ ಹೂಲುಗುವೂ ಆಕಳಿಸಿದ. ಹೊರಗೆ ಕುದುರೆಗಳು ಆಕಳಿಸಿದವು.

“ಹೂಲುಗು,” ಎಂದ ಪಾಂಗ್, ಬಾಯಿ ಮುಚ್ಚಿಕೊಂಡು. “ಆಣೆ ಪ್ರಕಾರ ನಿಮ್ಮ ಮಹಾರಾಜರು ನಮ್ಮ ಹಳೇ ಮಹಾರಾಜರಿಗೆ ಏನಾಗಬೇಕು?”

“ಅಣ್ಣ. ಕಲ್ಲಿನಲ್ಲೇ ಇದೆ. ನಮ್ಮವರು ಅಣ್ಣ, ನಿಮ್ಮವರು ತಮ್ಮ.”

“ತಮ್ಮ ತೀರಿಕೊಂಡ್ರು. ಈಗ ಬಂದಿರೋರು ತಮ್ಮನ ಮಗ. ಅವರಿಗೆ ನಿಮ್ಮ ಮಹಾರಾಜರು...?”

“ದೊಡ್ಡಪ್ಪ.”

“ನಿಮ್ಮ ಕಡೆ ದೊಡ್ಡಪ್ಪಂದಿರು ತಮ್ಮನ ಮಗನನ್ನ ಏನಂತ ಕರೀತಾರೆ?”

“ಹೆಸರು ಹಿಡಿದೇ ಕರೀತಾರೆ. ಮತ್ತೇನು, ಸ್ವಾಮಿ ಅಂತಾರಾ? ನಮ್ಮ ದೊಡ್ಡಪ್ಪ ಅಂತೂ ಹೆಸರಿನ ಜೊತೆ ನಾಯೀನೂ ಸೇರಿಸ್ತಿದ್ದ...” ಎನ್ನುತ್ತಿದ್ದವನು ಅಲ್ಲಿಗೇ ನಿಂತ. ಪಾಂಗ್ ಕುಂಚವನ್ನು ತಿರುಗಿಸಿ, ಹಿಡಿಕೆಯ ಕಡೆಯನ್ನು ಅವನತ್ತ ಚಾಚಿದ್ದ.

“ದೊಡ್ಡಪ್ಪನ ಪರವಾಗಿ ನೀವೇ ಹಾಕಿ. ನಮಗೆ ಹಿಡಿಯೋ ಹಾಗಿಲ್ಲದ ಹೆಸರು, ನಿಮಗೆ ಮನೆ ಮಗನ ಹೆಸರು.”

ಹೂಲುಗು ಕುಂಚ ನೋಡಿದ, ಹೊರಗಿನ ಕುದುರೆಗಳನ್ನು ನೋಡಿದ, ತನ್ನ ಮಂಡಿಯನ್ನು ನೋಡಿದ. ಆಮೇಲೆ ಹೊಟ್ಟೆಯಿಂದ ಒಂದು ನಗು ಎದ್ದಿತು. ಅದು ಡೇರೆಯ ತುಪ್ಪಳವನ್ನೆಲ್ಲ ನಿಮಿರಿಸಿ, ಹೊರಗೆ ಹೋಗಿ, ಮೂರು ಕುದುರೆಗಳನ್ನು ಬೆದರಿಸಿತು.

“ನೀನು ಸತ್ತಮೇಲೆ ಯಮನ ಹತ್ರಾನೂ ಹೀಗೇ ಕಾಗದ ತಿರುಗಿಸ್ತೀಯ,” ಎಂದವನು ಕುಂಚವನ್ನು ಕುದುರೆಗೆ ಚಾಟಿ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದು, ನಾಲಗೆ ಹೊರಹಾಕಿ, ಎಳೆದ. ಗೆರೆ ಸೊಟ್ಟಗೆ ಬಂತು. ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ನಡುವೆ ಮಸಿ ಸೋರಿ ಒಂದು ಗಂಟು. ಆದರೂ ಮಾಡಿನ ಕೆಳಗಿನ ಹೆಂಗಸು ಎದ್ದು ಕುಳಿತಳು. ಹೊಟ್ಟೆ ತುಸು ದಪ್ಪ. ಬಸುರಿಯಂತೆ.

ನೆರಳು ಗೂಟ ಮುಟ್ಟಿತು. ಹೊರಗೆ ಜೀನು ಸಡಿಲಿಸುವ ಸದ್ದು.

“ಒಂದು ಮಾತು,” ಎಂದ ಹೂಲುಗು ಪತ್ರ ಸುತ್ತುತ್ತ. “ಇಷ್ಟು ದಿನ ತಮ್ಮ ಅಣ್ಣನಿಗೆ ಕೊಡ್ತಿದ್ದ. ಇನ್ನು ಮಗ ದೊಡ್ಡಪ್ಪನಿಗೆ ಕೊಡೋದು. ದೊಡ್ಡಪ್ಪನಿಗೆ ಮುಂದಿನ ವರ್ಷದಿಂದ ನಾಲ್ಕು ಗಾಡಿ ಜಾಸ್ತಿ ಕೇಳ್ತಾರೆ ನಮ್ಮವರು. ಕೇಳದೆ ಬಿಡಲ್ಲ.”

“ಮುಂದಿನ ವರ್ಷ ಮುಂದಿನ ವರ್ಷಕ್ಕೆ,” ಎಂದ ಪಾಂಗ್. ಆ ನಾಲ್ಕು ಗಾಡಿಗಳ ಕೀರಲು ಅವನ ಬೆನ್ನಮೂಳೆಯಲ್ಲಿ ಆಗಲೇ ಶುರುವಾಗಿತ್ತು.

ಬಿಳಿ ಬಟ್ಟೆಯ ಸವಾರ ದಾರಿಯುದ್ದಕ್ಕೂ ಮುಖ ಗಂಟುಹಾಕಿಕೊಂಡೇ ನಡೆದ. ನದಿಯ ನಡುವೆ ಬಂದಾಗ ಬಾಯಿ ಬಿಟ್ಟ. “ನಾನು ಇದನ್ನ ವರದಿ ಮಾಡ್ಬೇಕಾಗ್ತದೆ ಯಜಮಾನ್ರೇ. ನಮ್ಮ ಮುಂದೇನೇ ಆ ಹೆಸರು ಪೂರ್ತಿ ಬರೆದ್ರಲ್ಲ.”

“ಮಾಡಪ್ಪ. ಯಾವ ಅಕ್ಷರ ಬರೆದ್ರು ಅಂತ ಸರಿಯಾಗಿ ಬರಿ.”

“ಬರೀತೀನಿ! ಮಾಡು, ಅದರ ಕೆಳಗೆ...” ಸವಾರ ನಾಲ್ಕು ಹೆಜ್ಜೆ ನಡೆದ. ನಿಂತ. ಮತ್ತೆ ನಾಲ್ಕು ಹೆಜ್ಜೆ ನಡೆದ. ಗೆಂಗ್ ಮೊದಲು ನಕ್ಕ. ಆಮೇಲೆ ಗಾಡಿಯವರು. ಸವಾರ ಊರು ಬರುವವರೆಗೂ ತುಟಿ ಅಲುಗಿಸುತ್ತ ಆ ವರದಿಯನ್ನು ಮನಸ್ಸಿನಲ್ಲಿ ಬರೆದ, ಅಳಿಸಿದ. ಕೊನೆಗೆ, “ಎಲ್ಲ ಕ್ಷೇಮ ಅಂತ ಬರೀತೀನಿ,” ಎಂದು ನಿಟ್ಟುಸಿರಿಟ್ಟ.

ಊರ ಬಾಗಿಲಿಗೆ ಬಂದಾಗ ಅಲ್ಲಿ ಒಂದು ಏಣಿ. ಏಣಿಯ ತುದಿಯಲ್ಲಿ ಊರಿನ ಬಡಗಿ ಉಳಿ ಹಿಡಿದು ನಿಂತಿದ್ದ. ಬಾಗಿಲ ಮೇಲೆ ‘ಆನ್‌ಹೊ’ ಎಂದು ಆಳೆತ್ತರದ ಅಕ್ಷರ ಕೊರೆದ ಹಲಗೆ. ಅದರಲ್ಲೂ ಅದೇ ಮಾಡು, ಅದೇ ಹೆಂಗಸು. ಕೊನೆಯ ಗೆರೆ ತೆಗೆಯಬೇಕೆಂದು ಮೇಲಿನಿಂದ ಅಪ್ಪಣೆ ಬಂದಿತ್ತು. ಏಣಿ ಮಂಜಿನ ಮೇಲೆ ಜಾರುತ್ತಿತ್ತು, ಹಿಡಿದುಕೊಳ್ಳಲು ಯಾರೂ ಇರಲಿಲ್ಲ. ಪಾಂಗ್ ಹೋಗಿ ಹಿಡಿದುಕೊಂಡ.

“ಯಾರಪ್ಪಾ ಕೆಳಗೆ? ಗಟ್ಟಿಯಾಗಿ ಹಿಡಿ,” ಎಂದ ಬಡಗಿ. “ಹಾಳು ಮರ, ನೂರು ವರ್ಷದ್ದು. ಗೆರೆ ಹೋಗ್ತಾನೇ ಇಲ್ಲ.”

“ಕೆತ್ತಿ ತೆಗೀಬೇಡ ಮಾರಾಯಾ. ಸಂದಿಗೆ ಸುಣ್ಣ ತುಂಬಿ ಮುಚ್ಚು ಸಾಕು.”

“ಯಾಕೆ?”

“ಈ ಮಹಾರಾಜರಿಗೂ ಹೊಟ್ಟೆ ಅಂತ ಒಂದಿದೆಯಲ್ಲ. ಆ ಸುಣ್ಣ ಮತ್ತೆ ಕೆರೆದು ತೆಗೀಬೇಕಾದೀತು.”

ಬಡಗಿ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಣ್ಣ ಕೇಳಿದ. ಸುಣ್ಣದ ಹನಿಗಳು ಪಾಂಗನ ಭುಜದ ಮೇಲೆ ಬೀಳುತ್ತಿದ್ದವು. ಅವನು ಏಣಿಗೆ ಹಣೆ ಆನಿಸಿ ಕಣ್ಣು ಮುಚ್ಚಿದ. ನಿಂತಲ್ಲೇ ನಿದ್ದೆ ಬಂತು. ಅವನ ಗೊರಕೆಗೆ ಏಣಿ ನಡುಗಿ ಮೇಲಿದ್ದ ಬಡಗಿಯ ಕೈಯಲ್ಲಿ ಸುಣ್ಣದ ಗೆರೆ ಸೊಟ್ಟಗಾಯಿತು.

ಬೀದಿಯ ಆ ತುದಿಯಿಂದ ಸುಲಾನಳ ದನಿ ಕೇಳಿತು, ಊರಿಗೆಲ್ಲ ಕೇಳುವ ಹಾಗೆ. “ಅಪ್ಪಾ! ಬಂದ್ಯಾ? ಅಲ್ಲೇನು ಕಂಬದ ಹಾಗೆ ನಿಂತಿದೀಯ? ಕಡುಬು ಆರ್ತಿದೆ!”